ಆಶಾ ಪುತ್ಲಿ: ಯಾವ ಕಪಾಟಿಗೂ ಒಗ್ಗದ ಕಂಠ

ಆರ್ನೆಟ್ ಕೋಲ್‌ಮನ್ ಎಂಬ ಸ್ಯಾಕ್ಸಫೋನ್ ವಾದಕರ ‘ಸೈನ್ಸ್ ಫಿಕ್ಷನ್’ ಎಂಬ ಜಾಝ್ ಆಲ್ಬಂ 1972ರಲ್ಲಿ ಹೊರಬಂದಿತು. ನಟೋರಿಯಸ್ ಬಿ.ಐ.ಜಿ. ಎಂಬ ರ‍್ಯಾಪ್ ಗಾಯಕನ ‘ಲೈಫ್ ಆಫ್ಟರ್ ಡೆತ್’ ಆತನ ಕೊಲೆಯಾದ ಕೆಲವೇ ದಿನಗಳ ನಂತರ, 1997ರ ಮಾರ್ಚ್‌ನಲ್ಲಿ ಹೊರಬಂದಿತು. ಮೊದಲನೆಯದನ್ನು ಆರಾಧಿಸುವವರಲ್ಲಿ ಹಲವರು ಎರಡನೆಯದನ್ನು ಮುಟ್ಟಿಯೂ ನೋಡಿರಲಾರರು. ಎರಡನೆಯದನ್ನು ಬಾಯಿಪಾಠ ಮಾಡಿಕೊಂಡವರಲ್ಲಿ ಹೆಚ್ಚಿನವರಿಗೆ ಮೊದಲನೆಯದರ ಹೆಸರೇ ಗೊತ್ತಿರಲಾರದು. ಇಷ್ಟು ದೂರದ ಈ ಎರಡು ಧ್ವನಿಮುದ್ರಿಕೆಗಳನ್ನು ಜೋಡಿಸುವ ಎಳೆಯೊಂದಿದೆ. ಅದು ಮುಂಬೈಯಲ್ಲಿ ಹುಟ್ಟಿ ಬೆಳೆದ, ಹಿಂದೂಸ್ತಾನಿ ಸಂಗೀತದಲ್ಲಿ ಪಳಗಿದ ಆಶಾ ಪುತ್ಲಿ ಎಂಬ ಗಾಯಕಿ. ಮೊದಲನೆಯದರಲ್ಲಿ ಅವರು ಸ್ವತಃ ಹಾಡಿದ್ದಾರೆ; ಎರಡನೆಯದರಲ್ಲಿನ ಒಂದು ಹಾಡು ಅವರ ಹಳೆಯ ಹಾಡೊಂದರ ತುಣುಕಿನ ಮೇಲೆ ನಿಂತಿದೆ.

ಇಂಥವರ ಹೆಸರು ಭಾರತದಲ್ಲೇ ಹೆಚ್ಚು ಜನರಿಗೆ ತಿಳಿಯದೆ ಉಳಿದದ್ದು ಹೇಗೆ ಎಂಬ ಪ್ರಶ್ನೆಗೆ ‘ಅದೃಷ್ಟ ಕೂಡಿಬರಲಿಲ್ಲ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆ ಉತ್ತರ ನನಗೆ ಸಾಲದು. ಅವರ ವೃತ್ತಿಜೀವನದ ಒಂದೊಂದು ತಿರುವನ್ನೂ ಪರಿಶೀಲಿಸಿದರೆ, ಹಾಡುಗಾರಿಕೆಯನ್ನು ವಿಭಾಗ ಮಾಡಿ, ದೇಶವಾರು ಹಂಚಿ, ಅಂಗಡಿಯ ಕಪಾಟುಗಳಲ್ಲಿ ಜೋಡಿಸಿ ಮಾರುವ ಧ್ವನಿಮುದ್ರಣ ಉದ್ಯಮದ ವ್ಯವಸ್ಥೆಯೇ ಅವರ ಹಾದಿಗೆ ಅಡ್ಡ ನಿಂತದ್ದು ಕಾಣುತ್ತದೆ. ಅದನ್ನು ಅರಿಯಬೇಕಾದರೆ ಅವರ ಸಂಗೀತ ಎಲ್ಲಿಂದ ಬಂತು ಎಂಬುದರಿಂದಲೇ ತೊಡಗಬೇಕು.

ಆಶಾ ಪುತ್ಲಿ ಹುಟ್ಟಿದ್ದು 1945ರಲ್ಲಿ. ಅವರು ಬೆಳೆದ ಮುಂಬೈಗೆ ಜಾಝ್ ಹೊಸದಾಗಿರಲಿಲ್ಲ. 1930ರ ದಶಕದಲ್ಲೇ ಲಿಯಾನ್ ಆ್ಯಬಿ, ಟೆಡ್ಡಿ ವೆದರ್‌ಫರ್ಡ್ ಮೊದಲಾದ ಕಪ್ಪು ಅಮೆರಿಕನ್ ಸಂಗೀತಗಾರರು ತಾಜ್ ಮಹಲ್ ಹೋಟೆಲಿನಲ್ಲಿ ನುಡಿಸಿದ್ದರು. ಅವರ ಒಡನಾಟದಲ್ಲಿ ಗೋವೆಯ ವಾದಕರ ಒಂದು ತಲೆಮಾರೇ ಈ ಸಂಗೀತವನ್ನು ಕರಗತ ಮಾಡಿಕೊಂಡಿತು. ಚಿಕ್ ಚಾಕಲೇಟ್ ಎಂದು ಹೆಸರಾದ ಆಂಟೋನಿಯೊ ಝೇವಿಯರ್ ವಾಝ್, ಫ್ರಾಂಕ್ ಫರ್ನಾಂಡ್, ಕ್ರಿಸ್ ಪೆರಿ ಮುಂತಾದವರು ರಾತ್ರಿ ಕ್ಲಬ್ಬುಗಳಲ್ಲಿ ಜಾಝ್ ನುಡಿಸಿದರು; ಇವರಂಥ ಹಲವರು ಹಗಲಿನಲ್ಲಿ ಹಿಂದಿ ಚಿತ್ರಗಳ ವಾದ್ಯವೃಂದಗಳಿಗೆ ದುಡಿದರು. ಲೋರ್ನಾ ಕಾರ್ಡೇರೊ ಎಂಬ ಗಾಯಕಿ ಕ್ರಿಸ್ ಪೆರಿ ಅವರ ತಂಡದಲ್ಲಿ ಕೊಂಕಣಿ ಹಾಡುಗಳಿಗೆ ಜಾಝ್‌ನ ಚೈತನ್ಯ ತುಂಬಿದ್ದು ಇದೇ ಪರಂಪರೆಯ ಫಲ. ಜಾಝ್ ದಿಗ್ಗಜರಾದ ಡೇವ್ ಬ್ರೂಬೆಕ್ ಅವರನ್ನು 1958ರಲ್ಲೂ ಡ್ಯೂಕ್ ಎಲಿಂಗ್ಟನ್ ಅವರನ್ನು 1963ರಲ್ಲೂ ಅಮೆರಿಕ ಸರ್ಕಾರವೇ ಸಾಂಸ್ಕೃತಿಕ ರಾಯಭಾರಿಗಳಾಗಿ ಭಾರತಕ್ಕೆ ಕಳಿಸಿತ್ತು. ವಾಯ್ಸ್ ಆಫ್ ಅಮೆರಿಕ ಬಾನುಲಿಯಲ್ಲಿ ವಿಲಿಸ್ ಕಾನೋವರ್ ನಡೆಸಿಕೊಡುತ್ತಿದ್ದ ಜಾಝ್ ಕಾರ್ಯಕ್ರಮಕ್ಕೆ ಇಲ್ಲಿನ ಅನೇಕರು ಕಿವಿಗೊಡುತ್ತಿದ್ದರು.

ಆದರೆ ಈ ಲೋಕದಲ್ಲಿದ್ದ ಹೆಚ್ಚಿನ ಹಾಡುಗಾರರು ಚರ್ಚಿನ ಸಂಗೀತ ಹಾಗೂ ಪಾಶ್ಚಾತ್ಯ ಸ್ವರಲಿಪಿಯ ಹಿನ್ನೆಲೆಯಿಂದ ಬಂದವರಾಗಿದ್ದರೆ, ಆಶಾ ಬಂದದ್ದು ಹಿಂದೂ ಕುಟುಂಬವೊಂದರಿಂದ ಮತ್ತು ರಾಗಸಂಗೀತದ ಅಭ್ಯಾಸದಿಂದ. ಪಂಡಿತ ಲಕ್ಷ್ಮಣ ಪ್ರಸಾದ ಜೈಪುರವಾಲೆ ಅವರಲ್ಲಿ ಹಿಂದೂಸ್ತಾನಿ ಗಾಯನ ಕಲಿತ ಅವರು ಜೊತೆಯಲ್ಲಿ ಪಾಶ್ಚಾತ್ಯ ಆಪೆರಾ ಗಾಯನದ ಶಿಕ್ಷಣವನ್ನೂ ಪಡೆದರು. ಕಂಠದ ದೃಷ್ಟಿಯಿಂದ ಇವೆರಡೂ ಬೇರೆ ಬೇರೆ ಶಿಸ್ತುಗಳು. ಆಪೆರಾದಲ್ಲಿ ದೊಡ್ಡ ಸಭಾಂಗಣದ ಕೊನೆಯ ಸಾಲಿಗೂ ಮೈಕಿಲ್ಲದೆ ತಲುಪುವ ತುಂಬು ನಾದವನ್ನು ಸಾಧಿಸಬೇಕು; ಹಿಂದೂಸ್ತಾನಿಯ ಗಾಯನಪ್ರಕಾರಗಳಾದ ಖಯಾಲ್ ಮತ್ತು ಠುಮ್ರಿಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು, ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳಿ ಹತ್ತು ಭಾವ ತರುವ ಕುಶಲತೆ, ಆ ಕ್ಷಣದಲ್ಲೇ ಹೊಸದನ್ನು ಕಟ್ಟುವ ಧೈರ್ಯ ಇವೆಲ್ಲ ಬೇಕು. ಆಶಾ ಅವರ ಹಾಡಿಕೆಯಲ್ಲಿ ಮುಂದೆಯೂ ಈ ಎರಡೂ ಉಳಿದುಕೊಂಡವು. ಎತ್ತರದ ಸ್ಥಾಯಿಯಲ್ಲಿ ಗಾಜಿನಂತೆ ನಿಲ್ಲುವ ಸ್ವರ ಆಪೆರಾದ ಕೊಡುಗೆಯಾದರೆ, ಅದರ ಅಂಚಿನಲ್ಲಿ ಕಾಣುವ ನಸು ಬಾಗು ಠುಮ್ರಿಯದು.

1960ರ ದಶಕದ ಕೊನೆಯಲ್ಲಿ ‘ದ ಸರ್ಫರ್ಸ್’ ಎಂಬ ತಂಡದೊಂದಿಗೆ ಅವರು ಆ ಕಾಲದ ಜನಪ್ರಿಯ ಇಂಗ್ಲಿಷ್ ಹಾಡುಗಳನ್ನು ಹಾಡಿ ಒಂದು ಚಿಕ್ಕ ಗ್ರಾಮಫೋನ್ ತಟ್ಟೆ ಹೊರತಂದರು. ಅದೇ ಸುಮಾರಿಗೆ ಭಾರತ ಸುತ್ತುತ್ತಿದ್ದ ಲೇಖಕ ವೇದ್ ಮೆಹ್ತಾ ಮುಂಬೈಯ ಜಾಝ್ ಕೂಟಗಳನ್ನು ಕಂಡು, ಅಲ್ಲಿ ಹಾಡುತ್ತಿದ್ದ ಈ ಯುವತಿಯ ಬಗ್ಗೆ ತಮ್ಮ ‘ಪೋರ್ಟ್ರೇಟ್ ಆಫ್ ಇಂಡಿಯಾ’ ಎಂಬ ಪುಸ್ತಕದಲ್ಲಿ ಬರೆದರು. ವಿದೇಶಕ್ಕೆ ಹೋಗುವ ದಾರಿ ಹುಡುಕುತ್ತಿದ್ದ ಆಶಾ ಕೆಲಕಾಲ ಬ್ರಿಟಿಷ್ ವಿಮಾನ ಸಂಸ್ಥೆ ಬಿ.ಒ.ಎ.ಸಿ.ಯಲ್ಲಿ ಗಗನಸಖಿಯಾಗಿ ದುಡಿದರು; ಬಳಿಕ ನ್ಯೂಯಾರ್ಕಿನ ಮಾರ್ಥಾ ಗ್ರಹಾಂ ನೃತ್ಯಶಾಲೆಯ ವಿದ್ಯಾರ್ಥಿವೇತನ ದೊರಕಿಸಿಕೊಂಡು ಅಮೆರಿಕ ಸೇರಿದರು. ಹಾಡಲೆಂದು ಹೊರಟವರಿಗೆ ಆ ಊರಿನ ಬಾಗಿಲು ತೆರೆದದ್ದು ನೃತ್ಯದ ಮೂಲಕ ಎಂಬುದನ್ನು ಗಮನಿಸಬೇಕು. ಭಾರತೀಯ ಜಾಝ್ ಗಾಯಕಿಗೆಂದು ಮೀಸಲಾದ ಬಾಗಿಲು ಆಗ ಎಲ್ಲಿಯೂ ಇರಲಿಲ್ಲ.

ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಧ್ವನಿಮುದ್ರಣ ಸಂಸ್ಥೆಯ ಜಾನ್ ಹ್ಯಾಮಂಡ್ ಅವರ ಗಮನಕ್ಕೆ ಆಶಾ ಬಂದರು. ಬಿಲ್ಲಿ ಹಾಲಿಡೇ ಅವರನ್ನು ಧ್ವನಿಮುದ್ರಣಕ್ಕೆ ಕರೆತಂದವರು, ಅರಿಥಾ ಫ್ರಾಂಕ್ಲಿನ್ ಮತ್ತು ಬಾಬ್ ಡಿಲನ್ ಅವರನ್ನು ಕೊಲಂಬಿಯಾಕ್ಕೆ ಸೇರಿಸಿಕೊಂಡವರು ಇದೇ ಹ್ಯಾಮಂಡ್. ಮೆಹ್ತಾ ಅವರ ಬರಹ ಅವರಿಗೆ ಮೊದಲೇ ಗೊತ್ತಿತ್ತು. ಪೀಟರ್ ಐವರ್ಸ್ ಎಂಬ ಹಾರ್ಮೋನಿಕಾ ವಾದಕನ ಬ್ಲೂಸ್ ತಂಡದಲ್ಲಿ ಹಾಡುವ ಅವಕಾಶದ ಜೊತೆಗೆ, ಆರ್ನೆಟ್ ಕೋಲ್‌ಮನ್ ತಮ್ಮ ಹೊಸ ಆಲ್ಬಂಗೆ ಹುಡುಕುತ್ತಿದ್ದ ಗಾಯಕಿಯ ಸ್ಥಾನವೂ ಆಶಾ ಅವರಿಗೆ ದೊರೆಯಿತು.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಆಶಾ ಅವರ ಸಾಧನೆಯ ಅತ್ಯಂತ ಕಠಿಣವಾದ ಭಾಗ ಇದೇ.

ಜಾಝ್‌ನ ರೂಢಿಯ ಕ್ರಮದಲ್ಲಿ ಪ್ರತಿ ಹಾಡಿಗೂ ಕಾರ್ಡ್ ಎಂದು ಕರೆಯುವ ಸ್ವರಗುಚ್ಛಗಳ ಒಂದು ನಿಗದಿತ ಸರಣಿ ಇರುತ್ತದೆ. ಪಿಯಾನೊ ಅಥವಾ ಗಿಟಾರ್ ಆ ಸರಣಿಯನ್ನು ಸುತ್ತಿಸುತ್ತಲೇ ಇರುತ್ತದೆ. ಎಲಾ ಫಿಟ್ಸ್‌ಜೆರಾಲ್ಡ್ ಅವರಂಥ ಗಾಯಕಿ ಅರ್ಥವಿಲ್ಲದ ಅಕ್ಷರಗಳನ್ನು ಬಳಸಿ ಸ್ವರಗಳನ್ನು ಹರಿಸುವಾಗಲೂ ಆ ಸರಣಿಯ ಮೇಲೆಯೇ ಹೆಜ್ಜೆಯಿಡುತ್ತಿರುತ್ತಾರೆ; ಎಷ್ಟು ಮೇಲಕ್ಕೆ ಹಾರಿದರೂ ಕೆಳಗೆ ಮೆಟ್ಟಿಲುಗಳಿರುವ ಭರವಸೆ ಇರುತ್ತದೆ. 1959ರಲ್ಲಿ ‘ದ ಶೇಪ್ ಆಫ್ ಜಾಝ್ ಟು ಕಮ್’ ಎಂಬ ಆಲ್ಬಂನೊಂದಿಗೆ ಕೋಲ್‌ಮನ್ ಆ ಮೆಟ್ಟಿಲುಗಳನ್ನೇ ತೆಗೆದುಹಾಕಿದರು. ಅವರ ತಂಡದಲ್ಲಿ ಪಿಯಾನೊ ಇರಲಿಲ್ಲ. ನಿಗದಿತ ಸರಣಿಗೆ ವಾದಕರು ಕಟ್ಟುಬೀಳಬೇಕಾಗಿರಲಿಲ್ಲ. ಹಾಡಿನ ಧಾಟಿ ಯಾವ ಕಡೆಗೆ ಹೊರಳುತ್ತದೆಯೋ ಆ ಕಡೆಗೆ ಇತರರೂ ಹೊರಳಬೇಕು, ಪ್ರತಿಯೊಬ್ಬರೂ ಏಕಕಾಲಕ್ಕೆ ಮುಂದಾಳೂ ಹೌದು, ಹಿಂಬಾಲಕರೂ ಹೌದು. ನ್ಯೂಯಾರ್ಕಿನ ಹಿರಿಯ ಸಂಗೀತಗಾರರಲ್ಲಿ ಹಲವರು ಇದನ್ನು ಸಂಗೀತವೆಂದು ಒಪ್ಪಿಕೊಳ್ಳುವುದಕ್ಕೇ ಸಿದ್ಧರಿರಲಿಲ್ಲ.

ಇಂಥ ಸಂಗೀತಕ್ಕೆ ವಾದಕರು ಸಿಕ್ಕರು, ಆದರೆ ಗಾಯಕರು ಸಿಗುವುದು ಕಷ್ಟವಾಗಿತ್ತು. ಸ್ಯಾಕ್ಸಫೋನಿನಲ್ಲಿ ಬೆರಳು ಇಟ್ಟ ಜಾಗದಿಂದ ಸ್ವರ ಹೊರಡುತ್ತದೆ. ಗಾಯಕಿ ಮಾತ್ರ ಸ್ವರವನ್ನು ಮೊದಲು ಮನಸ್ಸಿನೊಳಗೆ ಕೇಳಿಸಿಕೊಂಡೇ ಹೊರತರಬೇಕು. ಕಾರ್ಡುಗಳನ್ನು ನಂಬಿ ತರಬೇತಾದ ಗಾಯಕಿಗೆ ಅವು ಇಲ್ಲದೆಡೆ ನಿಲ್ಲಲು ನೆಲ ಇರುವುದಿಲ್ಲ. ಹಿಂದೂಸ್ತಾನಿ ಗಾಯನದಲ್ಲಿ ಕಾರ್ಡುಗಳ ಕಲ್ಪನೆಯೇ ಇಲ್ಲ. ಒಂದು ಸ್ವರಕ್ಕೂ ಮತ್ತೊಂದಕ್ಕೂ ನಡುವಿನ ಅಂತರವನ್ನು ತನ್ನ ಕಿವಿಯಿಂದಲೇ ಅಳೆದು ಹಾಡುವುದನ್ನು ಅಲ್ಲಿನ ವಿದ್ಯಾರ್ಥಿ ಮೊದಲ ದಿನದಿಂದ ಕಲಿಯುತ್ತಾನೆ. ಆಶಾ ಅವರಿಗೆ ಅನುಕೂಲವಾದದ್ದು ಇದು. ಹಾಗೆಂದು ಅವರ ಕೆಲಸ ಸುಲಭವಾಗಿತ್ತು ಎಂದುಕೊಳ್ಳಬಾರದು. ರಾಗಸಂಗೀತದಲ್ಲಿ ತಂಬೂರ ಸದಾ ಷಡ್ಜವನ್ನು ನೆನಪಿಸುತ್ತಿರುತ್ತದೆ. ಕೋಲ್‌ಮನ್ ಅವರ ಸಂಗೀತದಲ್ಲಿ ಆ ಆಧಾರವೂ ಇಲ್ಲ. ಅಂದರೆ ಜಾಝ್ ಗಾಯಕಿಗೆ ಸಿಗುವ ಮೆಟ್ಟಿಲನ್ನೂ ಖಯಾಲ್ ಗಾಯಕಿಗೆ ಸಿಗುವ ಶ್ರುತಿಯನ್ನೂ ಬಿಟ್ಟುಕೊಟ್ಟು ಅವರು ಹಾಡಬೇಕಾಗಿತ್ತು.

1971ರ ಸೆಪ್ಟೆಂಬರಿನಲ್ಲಿ ಧ್ವನಿಮುದ್ರಣಗೊಂಡ ಆ ಆಲ್ಬಂನಲ್ಲಿ ಆಶಾ ಎರಡು ಹಾಡುಗಳನ್ನು ಹಾಡಿದ್ದಾರೆ: ‘ವಾಟ್ ರೀಸನ್ ಕುಡ್ ಐ ಗಿವ್’ ಮತ್ತು ‘ಆಲ್ ಮೈ ಲೈಫ್’. ಮೊದಲನೆಯದರಲ್ಲಿ ಡ್ರಮ್ಮುಗಳು ಒಂದೇ ಸಮನೆ ಕುದಿಯುತ್ತಿರುತ್ತವೆ, ಚಾರ್ಲಿ ಹೇಡನ್ ಅವರ ಬಾಸ್ ತನ್ನದೇ ದಾರಿಯಲ್ಲಿ ಸಾಗುತ್ತದೆ, ಡ್ಯೂವಿ ರೆಡ್‌ಮನ್ ಅವರ ಸ್ಯಾಕ್ಸಫೋನ್ ಮತ್ತು ತುತ್ತೂರಿಗಳು ಕೋಲ್‌ಮನ್ ಜೊತೆಗೂಡಿ ದಟ್ಟವಾಗಿ ಚಲಿಸುತ್ತವೆ. ಈ ಎಲ್ಲದರ ಮೇಲೆ ಗಾಯಕಿಯ ದನಿ ವಿಳಂಬ ಗತಿಯಲ್ಲಿ, ದೀರ್ಘ ಸ್ವರಗಳಲ್ಲಿ, ಯಾವ ಅವಸರವೂ ಇಲ್ಲದೆ ತೇಲುತ್ತದೆ. ಕೆಳಗಿನ ದ್ರುತ ಲಯಕ್ಕೆ ಸಿಲುಕದೆ ಮೇಲಿನ ವಿಳಂಬವನ್ನು ಕಾಪಾಡಿಕೊಳ್ಳುವ ಈ ಸ್ಥೈರ್ಯವನ್ನು ನಿಧಾನ ಗತಿಯ ಬಡಾ ಖಯಾಲ್ ಕೇಳಿ ಬಲ್ಲವರು ತಟ್ಟನೆ ಗುರುತಿಸಬಲ್ಲರು. ಅಲ್ಲಿ ಸಿತಾರ್ ಇಲ್ಲ, ತಬಲಾ ಇಲ್ಲ, ಭಾರತೀಯತೆಯನ್ನು ಸಾರುವ ಯಾವ ಅಲಂಕಾರವೂ ಇಲ್ಲ. ಆ ಕಾಲದ ಪಾಶ್ಚಾತ್ಯ ಸಂಗೀತದಲ್ಲಿ ಭಾರತವು ಬಹುಮಟ್ಟಿಗೆ ಅಗರಬತ್ತಿಯ ಹೊಗೆಯಂತೆ ಒಂದು ವಾತಾವರಣವಾಗಿಯಷ್ಟೇ ಬಳಕೆಯಾಗುತ್ತಿದ್ದಾಗ, ಇಲ್ಲಿ ಅದು ಒಂದು ಸಾಮರ್ಥ್ಯವಾಗಿ ಕೆಲಸ ಮಾಡಿತು. ಕೇವಲ ಎರಡು ಹಾಡುಗಳ ಬಲದ ಮೇಲೆ ‘ಡೌನ್‌ಬೀಟ್’ ಎಂಬ ಜಾಝ್ ಪತ್ರಿಕೆಯ ವಿಮರ್ಶಕರ ಸಮೀಕ್ಷೆಯಲ್ಲಿ ಅವರಿಗೆ ಮನ್ನಣೆ ದೊರೆಯಿತು.

ಅದೇ 1972ರಲ್ಲಿ ಹೊರಬಂದ, ಸ್ಯಾಕ್ಸಫೋನ್ ವಾದಕ ಚಾರ್ಲಿ ಮರಿಯಾನೊ ಅವರ ‘ಮಿರರ್’ ಆಲ್ಬಂನಲ್ಲಿಯೂ ಆಶಾ ಹಾಡಿದರು. ಮರಿಯಾನೊ ಅವರ ಹೆಸರು ಕರ್ನಾಟಕದ ಕೇಳುಗರಿಗೆ ಇನ್ನೊಂದು ಕಾರಣಕ್ಕೆ ಪರಿಚಿತವಾಗಿರಬಹುದು. ನಾಗಸ್ವರದ ಮೋಹಕ್ಕೆ ಬಿದ್ದು ಅದನ್ನು ಕಲಿತ ಅವರು ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ಬಹುಕಾಲ ದುಡಿದರು. ಆ ಸಹಯೋಗದಿಂದ ಬಂದ ‘ಜ್ಯೋತಿ’ ಆಲ್ಬಂ 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಯಿಂದ ಪ್ರಕಟವಾಯಿತು. ಒಬ್ಬನೇ ವಾದಕನ ಜೊತೆ ಹಾಡಿದ ಈ ಇಬ್ಬರು ಗಾಯಕಿಯರನ್ನು ಅಕ್ಕಪಕ್ಕದಲ್ಲಿಟ್ಟು ಕೇಳುವುದು ಒಳ್ಳೆಯ ಪಾಠ. ರಮಾಮಣಿ ಅವರು ರಾಗ ಮತ್ತು ತಾಳಗಳ ಮನೆಯೊಳಗೆ ಗಟ್ಟಿಯಾಗಿ ನಿಂತು ಜಾಝ್ ಅನ್ನು ತಮ್ಮ ಬಳಿಗೆ ಬರಮಾಡಿಕೊಂಡರು. ಆಶಾ ಆ ಮನೆಯಿಂದ ಹೊರಟು ಜಾಝ್‌ನ ಭಾಷೆಯಲ್ಲೇ ಮಾತಾಡಲು ಹೋದವರು. ಎರಡೂ ಗಂಭೀರವಾದ ಆಯ್ಕೆಗಳೇ, ಆದರೆ ಎರಡನೆಯದಕ್ಕೆ ಮಾರುಕಟ್ಟೆಯಲ್ಲಿ ಹೆಸರಿರಲಿಲ್ಲ.

ವಿಮರ್ಶಕರ ಮೆಚ್ಚುಗೆ ಸಿಕ್ಕ ಮೇಲೆ ಸ್ವಂತ ಆಲ್ಬಂ ಬರಬೇಕಿತ್ತು. ಅಮೆರಿಕದಲ್ಲಿ ಅದು ಕೂಡಿಬರಲಿಲ್ಲ. ಅಲ್ಲಿನ ಧ್ವನಿಮುದ್ರಣ ಉದ್ಯಮ ಅಂದು ನಡೆಯುತ್ತಿದ್ದುದು ಬಾನುಲಿ ಕೇಂದ್ರಗಳ ವಿಂಗಡಣೆಯ ಮೇಲೆ. ಕಪ್ಪು ಕೇಳುಗರಿಗೆಂದು ಸೋಲ್ ಎಂಬ ಅವರದೇ ಜನಪ್ರಿಯ ಸಂಗೀತ, ಬಿಳಿಯರಿಗೆಂದು ರಾಕ್ ಮತ್ತು ಪಾಪ್, ಸಣ್ಣದೊಂದು ವಲಯಕ್ಕೆ ಜಾಝ್ ಹೀಗೆ ಪ್ರತಿ ಕೇಂದ್ರಕ್ಕೂ ಅದರದೇ ಪಟ್ಟಿ ಇತ್ತು. ಅಂಗಡಿಗಳ ಕಪಾಟುಗಳೂ ಅದೇ ಕ್ರಮದಲ್ಲಿದ್ದವು. ಭಾರತೀಯರಿಗೆಂದು ಒಂದು ಕಪಾಟು ಇದ್ದದ್ದು ನಿಜ, ಅದರಲ್ಲಿ ರವಿಶಂಕರರ ಸಿತಾರ್ ಇತ್ತು. ಇಂಗ್ಲಿಷಿನಲ್ಲಿ ಹಾಡುವ, ಸೋಲ್ ಹಾಡನ್ನೂ ಕೋಲ್‌ಮನ್ ರಚನೆಯನ್ನೂ ಅಷ್ಟೇ ಸಲೀಸಾಗಿ ಹಾಡಬಲ್ಲ ಭಾರತೀಯ ಹೆಣ್ಣುಮಗಳನ್ನು ಯಾವ ಕೇಂದ್ರಕ್ಕೆ ಕಳಿಸಬೇಕು, ಯಾವ ಕಪಾಟಿನಲ್ಲಿ ಇಡಬೇಕು ಎಂಬುದಕ್ಕೆ ಆ ವ್ಯವಸ್ಥೆಯಲ್ಲಿ ಉತ್ತರ ಇರಲಿಲ್ಲ.

ಆಶಾ ಯುರೋಪಿನತ್ತ ಹೊರಳಿದರು. ಲಂಡನ್ನಿನ ಸಿ.ಬಿ.ಎಸ್. ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಒಂದು ತಾಂತ್ರಿಕ ಸಂಗತಿ ಇಲ್ಲಿ ತಿಳಿದಿರಬೇಕು. ‘ಕೊಲಂಬಿಯಾ’ ಎಂಬ ಹೆಸರಿನ ಹಕ್ಕು ಬ್ರಿಟನ್‌ನಲ್ಲಿ ಇ.ಎಂ.ಐ. ಕಂಪನಿಯ ಕೈಯಲ್ಲಿದ್ದುದರಿಂದ ಅಮೆರಿಕದ ಕೊಲಂಬಿಯಾ ಸಂಸ್ಥೆ ಹೊರದೇಶಗಳಲ್ಲಿ ಸಿ.ಬಿ.ಎಸ್. ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿತ್ತು. ಒಡೆತನ ಒಂದೇ ಆದರೂ ದೇಶದೇಶದ ಶಾಖೆಗಳು ತಮಗೆ ಬೇಕಾದವರನ್ನು ತಾವೇ ಆರಿಸಿಕೊಂಡು ತಮ್ಮ ಪ್ರದೇಶದಲ್ಲಿ ಬಿಡುಗಡೆ ಮಾಡುತ್ತಿದ್ದವು. ಲಂಡನ್ ಶಾಖೆ ಹೊರತಂದ ಆಲ್ಬಂ ನ್ಯೂಯಾರ್ಕಿನಲ್ಲೂ ಸಿಗಬೇಕಾದರೆ ನ್ಯೂಯಾರ್ಕಿನ ಕಚೇರಿ ಪ್ರತ್ಯೇಕವಾಗಿ ಮನಸ್ಸು ಮಾಡಬೇಕಿತ್ತು. ಆಶಾ ಅವರ ಸಿ.ಬಿ.ಎಸ್. ಆಲ್ಬಂಗಳ ವಿಷಯದಲ್ಲಿ ಅಂಥ ಮನಸ್ಸು ಕಾಣಲಿಲ್ಲ. ಹೀಗಾಗಿ ಅವರು ನೆಲೆಸಿದ ದೇಶದಲ್ಲೇ ಅವರ ಹಾಡುಗಳು ಆಮದು ಸರಕಾಗಿ ಉಳಿದವು. ಹುಟ್ಟಿದ ದೇಶಕ್ಕಂತೂ ಅವು ಬಹುಪಾಲು ತಲುಪಲೇ ಇಲ್ಲ.

1973ರ ಮೊದಲ ಆಲ್ಬಂಗೆ ಅವರ ಹೆಸರನ್ನೇ ಇಡಲಾಗಿತ್ತು. ಎಲ್ಟನ್ ಜಾನ್ ಅವರ ‘ಗುಡ್‌ಬೈ ಯೆಲ್ಲೊ ಬ್ರಿಕ್ ರೋಡ್’ಗೆ ವಾದ್ಯವೃಂದ ಸಂಯೋಜಿಸಿದ ಡೆಲ್ ನ್ಯೂಮನ್ ಇದನ್ನು ನಿರ್ಮಿಸಿದರು. ಜಾರ್ಜ್ ಹ್ಯಾರಿಸನ್ ಅವರ ‘ಐ ಡಿಗ್ ಲವ್’, ಜೆ.ಜೆ. ಕೇಲ್ ಅವರ ‘ರೈಟ್ ಡೌನ್ ಹಿಯರ್’, ಬಿಲ್ ವಿದರ್ಸ್ ಅವರ ‘ಲೆಟ್ ಮಿ ಇನ್ ಯುವರ್ ಲೈಫ್’ ಇದರಲ್ಲಿವೆ. ಇವೆಲ್ಲ ಗಂಡಸರು ಬರೆದು ಹಾಡಿದ ಹಾಡುಗಳು. ಆಶಾ ಅವುಗಳ ಸಾಹಿತ್ಯವನ್ನು ಬದಲಿಸದೆ ಸ್ವಭಾವವನ್ನು ಬದಲಿಸಿದರು. ಹ್ಯಾರಿಸನ್ ಅವರ ಹಾಡು ಮೂಲದಲ್ಲಿ ಸರಳವಾದ, ಒಂದಿಷ್ಟು ಏಕತಾನದ ರಚನೆ. ಆಶಾ ಅದರೊಳಗೆ ನಗು, ನಿಟ್ಟುಸಿರು, ಪಿಸುಮಾತುಗಳನ್ನೆಲ್ಲ ಸ್ವರಗಳಷ್ಟೇ ಜಾಗರೂಕತೆಯಿಂದ ಕೂಡಿಸಿ ಅದನ್ನೊಂದು ಚೆಲ್ಲಾಟದ ಹಾಡಾಗಿಸಿದರು. ಠುಮ್ರಿಯಲ್ಲಿ ನಾಯಿಕೆ ಒಂದೇ ಸಾಲನ್ನು ಮುನಿಸಿನಿಂದ, ಕೊಂಕಿನಿಂದ, ಬೇಡಿಕೆಯಿಂದ ಬೇರೆ ಬೇರೆಯಾಗಿ ಹೇಳುವ ಪರಿಯೇ ಇಲ್ಲಿ ಪಾಪ್ ಉಡುಪು ತೊಟ್ಟಿದೆ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ಎರಡನೆಯ ಆಲ್ಬಂ ‘ಶಿ ಲವ್ಸ್ ಟು ಹಿಯರ್ ದ ಮ್ಯೂಸಿಕ್’ ಇನ್ನಷ್ಟು ನಯವಾದದ್ದು. ನನ್ನ ಮಟ್ಟಿಗೆ ಮೊದಲನೆಯದರ ಸಾಹಸ ಅದರಲ್ಲಿಲ್ಲ.

1976ರಲ್ಲಿ ಜರ್ಮನಿಯ ನಿರ್ಮಾಪಕ ಡೀಟರ್ ಝಿಮ್ಮರ್‌ಮನ್ ಅವರೊಂದಿಗೆ ಮಾಡಿದ ‘ದ ಡೆವಿಲ್ ಇಸ್ ಲೂಸ್’ ಆಶಾ ಅವರ ಹೆಸರನ್ನು ಇಂದಿಗೂ ಉಳಿಸಿರುವ ಆಲ್ಬಂ. ಡಿಸ್ಕೊ ಆಗಷ್ಟೇ ಯುರೋಪಿನಲ್ಲಿ ಹೊಸ ರೂಪ ತಾಳುತ್ತಿತ್ತು. ಡೊನ್ನಾ ಸಮ್ಮರ್ ಅವರ ‘ಲವ್ ಟು ಲವ್ ಯು ಬೇಬಿ’ ಹಿಂದಿನ ವರ್ಷವಷ್ಟೇ ಬಂದಿತ್ತು. ಈ ಆಲ್ಬಂನ ‘ಸ್ಪೇಸ್ ಟಾಕ್’ ಹಾಡಿನಲ್ಲಿ ಬಾಸ್ ಗಿಟಾರಿನ ಒಂದು ಉರುಳು ನಡೆ ಮತ್ತೆ ಮತ್ತೆ ಬರುತ್ತದೆ, ಅದರ ಮೇಲೆ ಆಶಾ ಪೂರ್ಣ ದನಿ ತೆರೆಯದೆ, ಉಸಿರು ಬೆರೆತ ಮೆಲುದನಿಯಲ್ಲಿ ಹಾಡುತ್ತಾರೆ. ದೊಡ್ಡ ದನಿಯ ತರಬೇತಿ ಇದ್ದವರು ದನಿಯನ್ನು ಹೀಗೆ ತಡೆದು ಹಿಡಿಯುವುದು ದೌರ್ಬಲ್ಯದ ಪಿಸುಗುಟ್ಟುವಿಕೆಗಿಂತ ತೀರಾ ಬೇರೆ. ಎಷ್ಟು ಮೆಲ್ಲಗಾದರೂ ಶ್ರುತಿ ಒಂದಿಷ್ಟೂ ಕುಸಿಯುವುದಿಲ್ಲ.

ಈ ಹಾಡು ನ್ಯೂಯಾರ್ಕಿಗೆ ಬಂದದ್ದು ಕಂಪನಿಯ ದಾರಿಯಿಂದಲ್ಲ, ನೃತ್ಯಕೂಟಗಳ ದಾರಿಯಿಂದ. ಡೇವಿಡ್ ಮ್ಯಾನ್ಕುಸೊ 1970ರಿಂದ ತಮ್ಮ ಮನೆಯಲ್ಲೇ ನಡೆಸುತ್ತಿದ್ದ ‘ದ ಲಾಫ್ಟ್’ ಕೂಟಗಳಿಗೆ ಕಪ್ಪು, ಲ್ಯಾಟಿನೊ ಮತ್ತು ಸಲಿಂಗಿ ಸಮುದಾಯಗಳ ಜನ ಹೆಚ್ಚಾಗಿ ಬರುತ್ತಿದ್ದರು. ಅಲ್ಲಿ ಬಾನುಲಿಯ ಪಟ್ಟಿಗಳಿಗೆ ಬೆಲೆಯಿರಲಿಲ್ಲ. ಹಾಡು ಚೆನ್ನಾಗಿದ್ದರೆ ಯಾವ ದೇಶದ್ದಾದರೂ ಸರಿ, ಅದನ್ನು ಆರಂಭದಿಂದ ಕೊನೆಯವರೆಗೆ ನುಡಿಸುತ್ತಿದ್ದರು. ‘ಸ್ಪೇಸ್ ಟಾಕ್’ ಅಲ್ಲಿನ ಮೆಚ್ಚಿನ ಹಾಡುಗಳಲ್ಲೊಂದಾಯಿತು. ಅಂದರೆ ಸಂಸ್ಥೆಗಳಿಗೆ ಸಿಗದಿದ್ದ ಕೇಳುಗರು ಇದ್ದೇ ಇದ್ದರು.

ಅಭಿನಯವೂ ಆಶಾ ಅವರನ್ನು ಸೆಳೆಯಿತು. ಮರ್ಚೆಂಟ್ ಐವರಿ ಸಂಸ್ಥೆಯ 1972ರ ‘ಸ್ಯಾವೇಜಸ್’ ಚಿತ್ರದಲ್ಲಿಯೂ, 1979ರಲ್ಲಿ ಬ್ರೂನೊ ಕೊರ್ಬುಚ್ಚಿ ನಿರ್ದೇಶಿಸಿದ ಇಟಲಿಯ ಒಂದು ಪತ್ತೇದಾರಿ ಹಾಸ್ಯಚಿತ್ರದಲ್ಲಿಯೂ ಅವರು ಕಾಣಿಸಿಕೊಂಡರು. 1980ರ ದಶಕದ ಆರಂಭದ ನಂತರ ಮಗನನ್ನು ಬೆಳೆಸುವ ಹೊಣೆ ಹೊತ್ತು ಬಹುಮಟ್ಟಿಗೆ ವೇದಿಕೆಯಿಂದ ಹಿಂದೆ ಸರಿದರು.

ಅವರು ಮೌನವಾಗಿದ್ದ ವರ್ಷಗಳಲ್ಲಿ ಹಳೆಯ ತಟ್ಟೆಗಳು ಕೆಲಸ ಮುಂದುವರಿಸಿದವು. ರ‍್ಯಾಪ್ ಸಂಗೀತದ ನಿರ್ಮಾಪಕರು ಹಳೆಯ ಧ್ವನಿಮುದ್ರಿಕೆಯ ಕೆಲವು ಕ್ಷಣಗಳನ್ನು ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ಸುತ್ತಿಸಿ ಹೊಸ ಹಾಡಿಗೆ ಬುನಾದಿ ಮಾಡುತ್ತಾರೆ. ಇದಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಇಂಥವರಿಗೆ ಬೇಕಾಗುವುದು ಸ್ಪಷ್ಟವಾದ ಬಾಸ್, ಹದವಾದ ಲಯ ಮತ್ತು ಹೆಚ್ಚು ಜನ ಕೇಳಿರದ ತಟ್ಟೆ. ‘ಸ್ಪೇಸ್ ಟಾಕ್’ ಮೂರಕ್ಕೂ ಹೊಂದುತ್ತಿತ್ತು. ‘ಲೈಫ್ ಆಫ್ಟರ್ ಡೆತ್’ನ ‘ದ ವರ್ಲ್ಡ್ ಇಸ್ ಫಿಲ್ಡ್’ ಎಂಬ ಹಾಡು ಕಟ್ಟಿಕೊಂಡದ್ದು ಇದರ ಮೇಲೆ. ಹೀಗೆ ತುಣುಕು ಬಳಸುವಾಗ ಎರಡು ಬಗೆಯ ಅನುಮತಿ ಬೇಕು: ಹಾಡಿನ ರಚನೆಯ ಹಕ್ಕು ಉಳ್ಳವರದು ಒಂದು, ಆ ನಿರ್ದಿಷ್ಟ ಧ್ವನಿಮುದ್ರಣದ ಒಡೆತನ ಉಳ್ಳವರದು ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಕಂಪನಿಯದೇ ಆಗಿರುತ್ತದೆ. ಹಾಡಿದವರಿಗೆ ಏನು ಸಲ್ಲಬೇಕು ಎಂಬುದು ದಶಕಗಳ ಹಿಂದೆ ಅವರು ಸಹಿ ಹಾಕಿದ ಕರಾರನ್ನು ಅವಲಂಬಿಸುತ್ತದೆ. ಕೇಳುಗರಿಗಂತೂ ಹಾಡಿದವರ ಹೆಸರು ಕಾಣುವುದು ಹೊದಿಕೆಯ ಒಳಪುಟದ ಸಣ್ಣ ಅಕ್ಷರಗಳಲ್ಲಿ ಮಾತ್ರ. ಆಶಾ ಅವರ ಸಂಗೀತ ಲಕ್ಷಾಂತರ ಕಿವಿಗಳನ್ನು ತಲುಪಿಯೂ ಅವರ ಹೆಸರು ತಲುಪದೆ ಹೋದದ್ದು ಹೀಗೆ.

ಆದರೂ ಆ ಸಣ್ಣ ಅಕ್ಷರಗಳನ್ನು ಓದುವವರಿದ್ದರು. ಹಳೆಯ ತಟ್ಟೆಗಳ ಸಂಗ್ರಾಹಕರು ಮತ್ತು ಡಿ.ಜೆ.ಗಳು ಮೂಲವನ್ನು ಹುಡುಕಿಕೊಂಡು ಹೋದರು, ಸಿ.ಬಿ.ಎಸ್. ಆಲ್ಬಂಗಳು ಮತ್ತೆ ಚಲಾವಣೆಗೆ ಬಂದವು. 2006ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಯಲು ವೇದಿಕೆಯಲ್ಲಿ ಆಶಾ ಹಾಡಿದಾಗ ‘ಸೈನ್ಸ್ ಫಿಕ್ಷನ್’ನ ಡ್ಯೂವಿ ರೆಡ್‌ಮನ್ ಜೊತೆಗಿದ್ದರು, ಅದೇ ಸೆಪ್ಟೆಂಬರಿನಲ್ಲಿ ರೆಡ್‌ಮನ್ ತೀರಿಕೊಂಡರು. 2022ರಲ್ಲಿ ಬ್ರಿಟನ್‌ನ ಮಿಸ್ಟರ್ ಬೊಂಗೊ ಸಂಸ್ಥೆ ‘ದಿ ಎಸೆನ್ಶಿಯಲ್ ಆಶಾ ಪುತ್ಲಿ’ ಎಂಬ ಸಂಕಲನ ಹೊರತಂದ ಮೇಲೆ, ಎಂಬತ್ತರ ಅಂಚಿನ ವಯಸ್ಸಿನಲ್ಲಿ ಅವರು ಮತ್ತೆ ಪ್ರವಾಸ ಹೊರಟು, ತಮ್ಮ ಮೊಮ್ಮಕ್ಕಳ ವಯಸ್ಸಿನ ಕೇಳುಗರ ಮುಂದೆ ಹಾಡಿದರು.

ಅವರನ್ನು ಹೊಸದಾಗಿ ಕೇಳಹೊರಟವರು ‘ಸ್ಪೇಸ್ ಟಾಕ್’ನಿಂದ ತೊಡಗುವುದು ವಾಡಿಕೆ. ಕನ್ನಡದ ಕೇಳುಗರಿಗೆ, ಅದರಲ್ಲೂ ಖಯಾಲ್ ಕೇಳಿ ಬೆಳೆದವರಿಗೆ, ನಾನು ಬೇರೆ ಕ್ರಮ ಹೇಳುತ್ತೇನೆ. ‘ಐ ಡಿಗ್ ಲವ್’ ಮೊದಲು ಕೇಳಿ, ಹ್ಯಾರಿಸನ್ ಅವರ ಮೂಲದೊಂದಿಗೆ ಹೋಲಿಸಿ ನೋಡಿ. ಅನಂತರ ‘ವಾಟ್ ರೀಸನ್ ಕುಡ್ ಐ ಗಿವ್’ ಅನ್ನು ಎರಡು ಬಾರಿ ಹಾಕಿಕೊಳ್ಳಿ. ಮೊದಲ ಸಲ ಎಲ್ಲವೂ ಗದ್ದಲವೆನಿಸಬಹುದು. ಎರಡನೆಯ ಸಲ ವಾದ್ಯಗಳನ್ನೆಲ್ಲ ಪಕ್ಕಕ್ಕಿರಿಸಿ ಅವರ ದನಿಯೊಂದನ್ನೇ ಹಿಂಬಾಲಿಸಿದರೆ, ದೀರ್ಘ ಸ್ವರಗಳ ಕೊನೆಯಲ್ಲಿ ಅವರು ಅದನ್ನು ನಿಲ್ಲಿಸುವ ಬಗೆ, ಮುಂದಿನ ಸ್ವರಕ್ಕೆ ಜಿಗಿಯದೆ ಜಾರಿ ಸೇರುವ ಬಗೆ ಕಿವಿಗೆ ಬೀಳುತ್ತದೆ. ‘ಸ್ಪೇಸ್ ಟಾಕ್’ಗೆ ಆ ಮೇಲೆ ಬಂದರೆ, ಅಲ್ಲಿನ ಮೆಲುದನಿ ಎಷ್ಟು ದೊಡ್ಡ ದನಿಯನ್ನು ಅದುಮಿಟ್ಟುಕೊಂಡಿದೆ ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ.